ಸ್ನಾಯುವಿನ ಸದ್ದು

ಇಎಂಜಿ, ಅಂದರೆ ಸ್ನಾಯುವಿನ ವಿದ್ಯುತ್ತನ್ನು ನೋಡುವ ಪರೀಕ್ಷೆ, ಮಾಡಿಸಿಕೊಳ್ಳಲು ಹೊರಟವರು ಮೊದಲು ಕೇಳುವುದು ಇದನ್ನೇ: ‘ಕರೆಂಟ್ ಕೊಡ್ತಾರಂತಲ್ಲ, ಹೌದಾ?’ ಅರ್ಧ ಹೌದು. ಮೊದಲಿಗೆ ಚರ್ಮದ ಮೇಲಿಂದ ನರಕ್ಕೆ ಚುರುಕ್ಕೆಂದು ಕರೆಂಟ್ ಮುಟ್ಟಿಸಿ, ಸಂದೇಶ ಎಷ್ಟು ವೇಗವಾಗಿ ಓಡಿತೆಂದು ಅಳೆಯುತ್ತಾರೆ. ಅದು ನರದ ಪರೀಕ್ಷೆ. ಆಮೇಲೆ ಸ್ನಾಯುವಿಗೆ ಚುಚ್ಚುತ್ತಾರಲ್ಲ, ಆ ತೆಳು ಸೂಜಿ ಏನನ್ನೂ ಕೊಡುವುದಿಲ್ಲ. ಸ್ನಾಯುವಿನಲ್ಲೇ ಹುಟ್ಟುವ ವಿದ್ಯುತ್ತನ್ನು ಹಿಡಿದು ಪರದೆಗೂ ಸ್ಪೀಕರಿಗೂ ದಾಟಿಸುತ್ತದೆ, ಅಷ್ಟೆ. ‘ಕೈ ಸಡಿಲ ಬಿಡಿ’ ಅಂದಾಗ ಸ್ಪೀಕರ್ ಸುಮ್ಮನಿರಬೇಕು. ‘ಸ್ವಲ್ಪ ಬಿಗಿ ಮಾಡಿ’ ಅಂದರೆ ಟಪ್ ಟಪ್ ಶುರುವಾಗಿ, ಪೂರ್ತಿ ಬಿಗಿದಾಗ ಗರ್ರೆನ್ನುತ್ತದೆ.

ಟಾರ್ಚಿನ ಒಂದು ಸೆಲ್ಲಿನಲ್ಲಿರುವುದು 1.5 ವೋಲ್ಟ್. ಸೂಜಿಗೆ ಸಿಗುವುದು ಹೆಚ್ಚುಕಮ್ಮಿ ಅದರ ಸಾವಿರದಲ್ಲೊಂದು ಪಾಲು. ಇಷ್ಟು ಸಣ್ಣದನ್ನು ಹಿಡಿಯುವುದಕ್ಕೆ ಸುಮಾರು ನೂರನಲವತ್ತು ವರ್ಷ ಬೇಕಾಯಿತು.

ಇಟಲಿಯ ಬೊಲೊನ್ಯಾದ ವಿಜ್ಞಾನಿ ಲುಯಿಜಿ ಗ್ಯಾಲ್ವನಿ 1791ರಲ್ಲಿ, ಕಪ್ಪೆಯ ಕಾಲು ಅದುರುವುದು ಅದರೊಳಗಿನ ವಿದ್ಯುತ್ತಿನಿಂದಲೇ ಎಂದ. ‘ಅಲ್ಲ, ನೀನು ಮುಟ್ಟಿಸಿದ ಎರಡು ಲೋಹಗಳಿಂದ’ ಎಂದ ಅದೇ ದೇಶದ ವಿಜ್ಞಾನಿ ವೋಲ್ಟಾ, ಅದೇ ಹಟದಲ್ಲಿ 1800ರಲ್ಲಿ ಬ್ಯಾಟರಿಯನ್ನೇ ಮಾಡಿಬಿಟ್ಟ. ಲೋಹವಿಲ್ಲದೆಯೂ ಕಾಲು ಅದುರುತ್ತದೆಂದು ಗ್ಯಾಲ್ವನಿ ತೋರಿಸಿದ್ದ. ಆದರೆ ಬ್ಯಾಟರಿಯ ಅಬ್ಬರದಲ್ಲಿ ಅದನ್ನು ಕೇಳುವವರಿರಲಿಲ್ಲ. ನನ್ನ ಕಣ್ಣಿಗೆ ಇಬ್ಬರದೂ ಸರಿಯೇ.

ಮನುಷ್ಯನ ತೋಳಿಗೆ ಕೈ ಹಾಕಿದವನು ಬರ್ಲಿನ್ನಿನ ಎಮಿಲ್ ಡು ಬೋಯ್ಸ್-ರೇಮಂಡ್. ವಿದ್ಯುತ್ ಹರಿದರೆ ಮುಳ್ಳು ಸರಿದು ತೋರಿಸುವ ಅವನ ಗ್ಯಾಲ್ವನೋಮೀಟರಿನ ಸುರುಳಿಗೆ ತಂತಿ ಇಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚು ಸುತ್ತು! ಎರಡೂ ಕೈಯನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಒಂದು ತೋಳನ್ನು ಬಿಗಿದರೆ ಮುಳ್ಳು ಒಂದಿಷ್ಟೇ ಇಷ್ಟು ಸರಿಯುತ್ತಿತ್ತು. ಅಡ್ಡಗಾಲು ಚರ್ಮದ್ದು ಎಂದು ಅವನಿಗೆ ಹೊಳೆಯಿತು; ಒಣ ಚರ್ಮ ವಿದ್ಯುತ್ತನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ತನ್ನ ಮೈಮೇಲೇ ಗುಳ್ಳೆ ಎಬ್ಬಿಸಿ, ಚರ್ಮ ಸುಲಿದು, ಹಸಿ ಗಾಯಕ್ಕೆ ಉಪ್ಪುನೀರು ತಾಗಿಸಿಕೊಂಡು ಮತ್ತೆ ತೋಳು ಬಿಗಿದ. ಮುಳ್ಳು ಚೆನ್ನಾಗಿಯೇ ತಿರುಗಿತು. ಇದು 1849ರ ಮಾತು. ಅದೇ ಕೆಲಸಕ್ಕೆ ಇಂದು ಚರ್ಮ ಒರೆಸಿ ಒಂದು ಹನಿ ಜೆಲ್ ಹಚ್ಚಿದರೆ ಸಾಕು.

ಆದರೆ ಮುಳ್ಳು ನಿಧಾನ. ಸ್ನಾಯುವಿನ ಒಂದು ಮಿಡಿತ ಸೆಕೆಂಡಿನ ನೂರರಲ್ಲೊಂದು ಪಾಲಿನಲ್ಲಿ ಮುಗಿದುಹೋಗುತ್ತದೆ. ಸಣ್ಣ ವಿದ್ಯುತ್ತನ್ನು ಹಿಗ್ಗಿಸುವ ರೇಡಿಯೊ ವಾಲ್ವುಗಳು ಬಂದಮೇಲೆ, 1929ರಲ್ಲಿ, ಎಡ್ಗರ್ ಏಡ್ರಿಯನ್ ಮತ್ತು ಡೆಟ್ಲೆವ್ ಬ್ರಾಂಕ್ ಎಂಬ ವಿಜ್ಞಾನಿಗಳು ಇಂಜೆಕ್ಷನ್ ಸೂಜಿಯೊಳಗೆ ವಿದ್ಯುತ್ ದಾಟದ ಹೊದಿಕೆಯ ಎಳೆತಂತಿಯೊಂದನ್ನು ತೂರಿಸಿದರು. ಸೂಜಿಯ ತುದಿಗೆ ಸಿಕ್ಕಿದ್ದು ಸ್ನಾಯುವಿನ ಕೆಲವೇ ಎಳೆಗಳ ಮಿಡಿತ. ಅದನ್ನು ಹಿಗ್ಗಿಸಿ ಧ್ವನಿವರ್ಧಕಕ್ಕೆ ಕೊಟ್ಟರು. ಪರೀಕ್ಷೆಯ ಕೋಣೆಗೆ ಸ್ಪೀಕರ್ ಬಂದದ್ದು ಹೀಗೆ.

ಆಸ್ಪತ್ರೆಗೆ ಇದನ್ನು ಎಳೆದುತಂದದ್ದು ಎರಡನೇ ಮಹಾಯುದ್ಧ. ಗುಂಡು ತಗುಲಿದ ಕೈ ಮೇಲೇಳುತ್ತಿಲ್ಲ. ನರ ತುಂಡಾಗಿದೆಯೊ, ಬರೀ ಜಜ್ಜಿದೆಯೊ? ಕೊಯ್ಯಬೇಕೊ, ಕಾಯಬೇಕೊ? ನರದ ನಂಟು ಕಡಿದುಹೋದ ಸ್ನಾಯುವಿನ ಎಳೆಗಳು ಸಡಿಲ ಬಿಟ್ಟಾಗಲೂ ತಾವಾಗಿಯೇ ಮಿಡಿಯತೊಡಗುತ್ತವೆ. ಸ್ಪೀಕರಿನಲ್ಲಿ ಅದು ತಗಡಿನ ಮಾಡಿನ ಮೇಲೆ ಮಳೆಹನಿ ಬಿದ್ದಂತೆ. ಆ ಮಳೆ ಶುರುವಾಗಲು ಸಾಮಾನ್ಯವಾಗಿ ಎರಡು-ಮೂರು ವಾರ ಬೇಕು. ಬೈಕಿನಿಂದ ಬಿದ್ದ ಮೂರನೇ ದಿನವೇ ಮಾಡಿಸಿದ ಸೂಜಿಪರೀಕ್ಷೆಯ ರಿಪೋರ್ಟನ್ನು ನೆಚ್ಚಿ ನೆಮ್ಮದಿಯಾಗಿ ಮಲಗಬೇಡಿ.

ಇಂದು ನಿಮ್ಹಾನ್ಸ್‌ನಂಥ ಕಡೆ ಇದು ದಿನನಿತ್ಯದ ಕೆಲಸ. ಪರದೆಯ ಮೇಲೆ ಗೆರೆ ಎಷ್ಟೇ ಸ್ಪಷ್ಟವಾಗಿದ್ದರೂ ಪಳಗಿದ ವೈದ್ಯರು ಸ್ಪೀಕರ್ ಆಫ್ ಮಾಡುವುದಿಲ್ಲ. ಮುಷ್ಟಿ ಕಟ್ಟಿದರೆ ಬೇಗ ಬಿಚ್ಚಲಾಗದ ಮಯೊಟೋನಿಯ ಇದ್ದವರ ಸ್ನಾಯುವಿನಲ್ಲಿ ಸದ್ದು ಏರಿ ಇಳಿಯುತ್ತದೆ. ಪಠ್ಯಪುಸ್ತಕಗಳು ಅದನ್ನು ಕರೆಯುವುದು, ಎರಗಿ ಬರುವ ಬಾಂಬರ್ ವಿಮಾನದ ಸದ್ದೆಂದು. ವಿಮಾನ ಕೇಳದ ಕಿವಿಗೆ ಅದು, ಯಾರೋ ಬೈಕಿನ ಎಕ್ಸಲರೇಟರ್ ತಿರುವಿ ತಿರುವಿ ಬಿಟ್ಟಂತೆ.