ಆ ಉಪ್ಪು ಪಾತ್ರೆಗಲ್ಲ, ನೀರಿಗೆ

ಕಳೆದ ತಿಂಗಳು ಹುಬ್ಬಳ್ಳಿಯ ಕೇಶ್ವಾಪುರದ ಒಂದು ಮನೆಯಿಂದ ಫೋನ್ ಬಂತು. “ಡಿಶ್‌ವಾಷರ್ ಕೆಟ್ಟೈತ್ರೀ. ಭಾಂಡೆ ಎಲ್ಲಾ ಬೆಳ್ಳಗ ಆಗಾಕತ್ತಾವು.” ಹೋಗಿ ನೋಡಿದೆ. ತಾಟು, ವಾಟಗಾ, ಗಾಜಿನ ಲೋಟ, ಎಲ್ಲದರ ಮೇಲೂ ತೆಳುವಾಗಿ ಸುಣ್ಣ ಬಳಿದಂತೆ ಒಂದು ಪೊರೆ. ಅರ್ಧ ನಿಂಬೆಹಣ್ಣು ಕೇಳಿ ತಾಟಿನ ಅಂಚಿಗೆ ತಿಕ್ಕಿದೆ. ಒಂದು ನಿಮಿಷ ಬಿಟ್ಟು ತೊಳೆದರೆ ಅಷ್ಟು ಜಾಗ ಮಾತ್ರ ಫಳಫಳ ಹೊಳೆಯಿತು. ಮಷಿನ್ ಕೆಟ್ಟಿರಲಿಲ್ಲ. ಅದರ ಉಪ್ಪಿನ ಡಬ್ಬಿ ಒಣಗಿತ್ತು.

“ಉಪ್ಪು ದಿನಾ ಹಾಕ್ತೀನಲ್ರೀ” ಅಂದರು ಆ ಅಕ್ಕ. ಎಲ್ಲಿ ಹಾಕ್ತೀರಿ ಅಂದೆ. ಅಡುಗೆ ಉಪ್ಪನ್ನು ಒಂದು ಚಮಚ, ಬಾಗಿಲಲ್ಲಿರುವ ಸೋಪಿನ ಖಾನೆಗೆ, ಪುಡಿಯ ಜೊತೆಗೇ ಹಾಕುತ್ತಿದ್ದರು.

ಈ ಒಂದು ಮಾತನ್ನು ಎಷ್ಟು ಮನೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಉಪ್ಪು ಪಾತ್ರೆ ತೊಳೆಯುವುದಿಲ್ಲ. ಪಾತ್ರೆಗೆ ಅದು ತಾಗುವುದೂ ಬೇಡ. ಕೆಳಗಿನ ಜಾಳಿಗೆ ಎಳೆದರೆ ಮಷಿನ್ನಿನ ತಳದಲ್ಲಿ ತಿರುಗಿಸಿ ತೆಗೆಯುವ ಒಂದು ಮುಚ್ಚಳ ಕಾಣುತ್ತದೆ, ಅಲ್ವಾ? ಉಪ್ಪಿನ ಜಾಗ ಅದು. ಅದರ ಪಕ್ಕದಲ್ಲೇ, ಒಳಗೆ, ರೆಸಿನ್ ಅನ್ನುವ ಸಣ್ಣ ಸಣ್ಣ ಗುಂಡುಗಳಿವೆ. ನಳದ ನೀರು ಮೊದಲು ಅವುಗಳ ನಡುವೆ ಹರಿಯುತ್ತದೆ. ಆಗ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ಗುಂಡುಗಳಿಗೆ ಅಂಟಿಕೊಳ್ಳುತ್ತವೆ, ಬದಲಿಗೆ ಸೋಡಿಯಂ ನೀರಿಗೆ ಬರುತ್ತದೆ. ನೀರು ಮೆದುವಾಗುತ್ತದೆ. ಕೆಲವು ಸಲ ತೊಳೆದ ಮೇಲೆ ಗುಂಡುಗಳು ತುಂಬಿಹೋಗುತ್ತವೆ. ಆಗ ಮಷಿನ್ ತಾನೇ ಉಪ್ಪುನೀರು ಹರಿಸಿ ಅವುಗಳನ್ನು ತೊಳೆದುಕೊಂಡು, ಆ ನೀರನ್ನು ಮೋರಿಗೆ ಬಿಡುತ್ತದೆ. ಉಪ್ಪು ಖಾಲಿಯಾದರೆ ಗುಂಡುಗಳು ತುಂಬಿದ ಹಾಗೇ ಉಳಿಯುತ್ತವೆ. ಗಡಸು ನೀರು ನೇರವಾಗಿ ಪಾತ್ರೆಗೆ ಬಂದು, ಬಿಸಿಯಾಗಿ, ಸುಣ್ಣ ಬಿಡುತ್ತದೆ. ಬಚ್ಚಲ ಹಂಡೆಯ ಒಳಗೆ ಕಟ್ಟುವ ಬಿಳಿ ಹೊಪ್ಪಳಿಕೆಯೂ ಇದೇ.

“ನಮ್ಮದು ಮಲಪ್ರಭಾ ನೀರ್ರೀ, ಉಪ್ಪು ಯಾಕ ಬೇಕು?” ಅಂತ ಬಹಳ ಜನ ಕೇಳುತ್ತಾರೆ. ಸವದತ್ತಿ ಕಡೆಯಿಂದ ಬರುವ ಹೊಳೆ ನೀರು ನಿಜಕ್ಕೂ ಒಳ್ಳೆಯದು. ಆದರೆ ನಳ ದಿನಾ ಬರದ ಕಡೆ ಅದೇ ಟ್ಯಾಂಕಿಗೆ ಬೋರಿನ ನೀರೂ ಬೀಳುತ್ತದೆ. ಸವಳು ನೀರಿನಲ್ಲಿ ಬ್ಯಾಳಿ ಬೇಯುವುದಿಲ್ಲ ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು. ನಿಮ್ಮ ಟ್ಯಾಂಕಿನ ನೀರಿನಲ್ಲೂ ಬ್ಯಾಳಿ ತಡವಾಗಿ ಬೆಂದರೆ, ಸೋಪು ನೊರೆ ಕೊಡದಿದ್ದರೆ, ಅನುಮಾನ ಪಡಿ.

ಇನ್ನು ಕೆಲವರು ಟಿಡಿಎಸ್ ಮೀಟರ್ ತಂದು ನಂಬರ್ ತೋರಿಸುತ್ತಾರೆ. ಅದು ನೀರಿನಲ್ಲಿ ಕರಗಿದ ಎಲ್ಲದರ ಲೆಕ್ಕ, ಗಡಸುತನ ಒಂದರದ್ದಲ್ಲ. ಗಡಸುತನಕ್ಕೆ ಬೇರೆ ಕಾಗದದ ಪಟ್ಟಿ ಸಿಗುತ್ತದೆ, ನೀರಿಗೆ ಅದ್ದಿದರೆ ಬಣ್ಣ ಬದಲಾಗುತ್ತದೆ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರು ಇಲ್ಲದಿದ್ದರೆ 600ರ ತನಕ. ನಿಮ್ಮ ಲೆಕ್ಕ ಎಷ್ಟು ಬಂತೋ ಅದಕ್ಕೆ ತಕ್ಕಂತೆ ಮಷಿನ್ನಿನಲ್ಲಿ ಸೆಟ್ಟಿಂಗ್ ಇಡಬೇಕು. ಅದು ಹೇಗೆ ಅನ್ನೋದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಪುಸ್ತಕ ನೋಡಿ, ಅಂದಾಜಿನ ಮೇಲೆ ಬಟನ್ ಒತ್ತಬೇಡಿ.

ಮೊದಲ ಸಲ ಉಪ್ಪಿನ ಡಬ್ಬಿಗೆ ನೀರು ತುಂಬಿ ಆಮೇಲೆ ಉಪ್ಪು ಹಾಕಿ. ನಂತರ ಬರೀ ಉಪ್ಪು ಸಾಕು. ಅದೂ ಡಿಶ್‌ವಾಷರ್ ಉಪ್ಪೇ ಆಗಿರಲಿ. ಅಡುಗೆಯ ಪುಡಿ ಉಪ್ಪು ಗಡ್ಡೆ ಕಟ್ಟುತ್ತದೆ, ಹರಳುಪ್ಪಿನಲ್ಲಿ ಕಸವೂ ಮೆಗ್ನೀಸಿಯಮ್ಮೂ ಇರುತ್ತವೆ. ಹಾಕುವಾಗ ಚೆಲ್ಲಿದ ಉಪ್ಪು ಹಾಗೇ ಕೂತರೆ ಒಳಗಿನ ಸ್ಟೀಲ್ ತುಕ್ಕು ಹಿಡಿಯುತ್ತದೆ. ಹಾಗಾಗಿ ಹಾಕಿದ ತಕ್ಷಣ ಮಷಿನ್ ಓಡಿಸಿ. ಮತ್ತೆ, ದಯವಿಟ್ಟು, ಆ ಡಬ್ಬಿಗೆ ಸೋಪಿನ ಪುಡಿ ಹಾಕಬೇಡಿ. ಧಾರವಾಡದಲ್ಲಿ ಒಬ್ಬ ಅಜ್ಜ ಸಹಾಯ ಮಾಡಲು ಹೋಗಿ ಹಾಕಿಬಿಟ್ಟಿದ್ದರು. ನೀರು ಮೆದು ಮಾಡುವ ಆ ಭಾಗವನ್ನೇ ಬದಲಾಯಿಸಬೇಕಾಯಿತು. ಮನೆಯವರು ಬೈಯಲಿಲ್ಲ, ಅಜ್ಜ ಮಾತ್ರ ಆ ದಿನ ಊಟ ಸರಿಯಾಗಿ ಮಾಡಲಿಲ್ಲವಂತೆ.

ತಾಟುಗಳನ್ನು ಮೊದಲೇ ನಳದ ಕೆಳಗೆ ತೊಳೆದು ಇಡೋದು ಬೇಡ, ಎಣ್ಣೆಗಾಯಿಯ ಜಿಡ್ಡು ಮಷಿನ್ ತೆಗೆಯುತ್ತದೆ. ಹಿಟ್ಟು ನಾದಿದ ಪರಾತ ಮಾತ್ರ ಬೇರೆ. ಒಣಗಿದ ಜೋಳದ ಹಿಟ್ಟು ಕೆರೆದು ತೆಗೆದೇ ಇಡಿ. ಕಬ್ಬಿಣದ ಹಂಚು, ಹಿತ್ತಾಳೆ, ಅಲ್ಯೂಮಿನಿಯಂ ಒಳಗೆ ಬೇಡವೇ ಬೇಡ.

ಕೇಶ್ವಾಪುರದ ಮನೆಯಲ್ಲಿ ಉಪ್ಪು ತುಂಬಿ, ಸೆಟ್ಟಿಂಗ್ ಸರಿಮಾಡಿ ಬಂದೆ. ವಾರದ ಮೇಲೆ ಅಕ್ಕ ಫೋನ್ ಮಾಡಿದರು. ತಾಟು, ವಾಟಗಾ ಎಲ್ಲಾ ಹೊಳೆಯುತ್ತಿದ್ದವಂತೆ. ಎರಡು ಗಾಜಿನ ಲೋಟ ಮಾತ್ರ ನಿಂಬೆ ತಿಕ್ಕಿದರೂ ಮಂಜು ಮಂಜಾಗೇ ಉಳಿದಿದ್ದವು. ಅದು ಬಹುಶಃ ಪೊರೆಯಲ್ಲ, ಗಾಜೇ ಸವೆದಿದೆ ಅಂದೆ. ಹಾಗಿದ್ದರೆ ಅವು ಮತ್ತೆ ತಿಳಿಯಾಗುವುದಿಲ್ಲ. “ಇರ್ಲಿ ಬಿಡ್ರೀ, ಮಜ್ಜಿಗಿಗೆ ಇಟ್ಕೋತೀನಿ” ಅಂದರು.