ಎಲ್‌ಇಡಿ ಹಾಕುವ ಮುನ್ನ ಹೋಲ್ಡರ್, ಸ್ವಿಚ್ಚು, ಚೋಕು ನೋಡಿ

ಹಳೆಯ ಬುರುಡೆ ಬಲ್ಬು ತೆಗೆದು ಅದೇ ಹೋಲ್ಡರ್‌ಗೆ ಎಲ್‌ಇಡಿ ಸಿಕ್ಕಿಸಿದರೆ ಬಹಳಷ್ಟು ಕಡೆ ಕೆಲಸ ಅಲ್ಲಿಗೇ ಮುಗಿಯುತ್ತದೆ. ಮುಗಿಯದ ಕಡೆ ಮಾತ್ರ ತಲೆನೋವು. 15,000 ಗಂಟೆ ಬಾಳಿಕೆ ಎಂದು ಡಬ್ಬಿಯ ಮೇಲಿದ್ದರೂ ಬಲ್ಬು ಕೆಲವೇ ತಿಂಗಳಲ್ಲಿ ಮಿಣುಕತೊಡಗುತ್ತದೆ, ಇಲ್ಲವೇ ಸ್ವಿಚ್ ಆರಿಸಿದ ಮೇಲೂ ಮಂಕಾಗಿ ಉರಿಯುತ್ತದೆ. ಇಂಥ ಕಡೆ ಬೆಳಕು ಕೊಡುವ ಚಿಪ್ಪಿನದು ತಪ್ಪಿರುವುದು ಕಡಿಮೆ. ಬಲ್ಬಿನ ಬುಡದಲ್ಲಿ ಡ್ರೈವರ್ ಎಂಬ ಪುಟ್ಟ ಸರ್ಕೀಟ್ ಇರುತ್ತದೆ. ಎಸಿ ವಿದ್ಯುತ್ತನ್ನು ಡಿಸಿ ಮಾಡಿ, ಚಿಪ್ಪುಗಳಿಗೆ ಬೇಕಾದಷ್ಟೇ ಕರೆಂಟ್ ಬಿಡುವುದು ಅದರ ಕೆಲಸ. ಸಾಮಾನ್ಯವಾಗಿ ಮೊದಲು ಕೈಕೊಡುವುದು ಅದೇ.

ಕೊಳ್ಳುವಾಗ ವ್ಯಾಟ್ ಅಲ್ಲ, ಲ್ಯೂಮೆನ್ ನೋಡಿ. ವ್ಯಾಟ್ ಹೇಳುವುದು ಬಲ್ಬು ಎಷ್ಟು ವಿದ್ಯುತ್ ಎಳೆಯುತ್ತದೆ ಎಂಬುದನ್ನು. ಎಷ್ಟು ಬೆಳಕು ಬರುತ್ತದೆ ಎಂಬುದು ಲ್ಯೂಮೆನ್‌ನಲ್ಲಿದೆ. 40 ವ್ಯಾಟಿನ ಬುರುಡೆ ಬಲ್ಬಿನ ಜಾಗಕ್ಕೆ ಸುಮಾರು 450 ಲ್ಯೂಮೆನ್, 60ಕ್ಕೆ 800, 100ಕ್ಕೆ 1,500 ಲ್ಯೂಮೆನ್ ಸಾಕು. ಒಳ್ಳೆಯ ಎಲ್‌ಇಡಿ ವ್ಯಾಟಿಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆ. 60 ವ್ಯಾಟಿನ ಬಲ್ಬಿನ ಬದಲು 9 ವ್ಯಾಟಿನ ಎಲ್‌ಇಡಿ ದಿನಕ್ಕೆ 5 ಗಂಟೆ ಉರಿದರೆ ವರ್ಷಕ್ಕೆ 93 ಯೂನಿಟ್ ಉಳಿಯುತ್ತದೆ. ಅದೇ ಜಾಗದಲ್ಲಿ ಮೊದಲೇ 14 ವ್ಯಾಟಿನ ಸಿಎಫ್‌ಎಲ್ ಇದ್ದರೆ ಉಳಿಯುವುದು 9 ಯೂನಿಟ್ ಮಾತ್ರ. ಹಾಗಾಗಿ ಎಲ್ಲವನ್ನೂ ಒಂದೇ ದಿನ ಕಿತ್ತುಹಾಕಬೇಕಿಲ್ಲ. ಹೆಚ್ಚು ಹೊತ್ತು ಉರಿಯುವ ಬುರುಡೆ ಬಲ್ಬುಗಳಿಂದ ಶುರುಮಾಡಿ, ಸಿಎಫ್‌ಎಲ್‌ಗಳನ್ನು ಕೆಟ್ಟಾಗ ಬದಲಿಸಿ. ಅವುಗಳಲ್ಲಿ ಪಾದರಸ ಇರುವುದರಿಂದ ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ.

ಇನ್ನು ಬಿಸಿ. “60 ವ್ಯಾಟಿನ ಬಲ್ಬನ್ನೇ ತಡೆದುಕೊಂಡ ಗಾಜಿನ ಗೋಳಕ್ಕೆ 9 ವ್ಯಾಟ್ ಯಾವ ಲೆಕ್ಕ?” ಎಂದು ಅನ್ನಿಸುವುದು ಸಹಜ, ಆದರೆ ಈ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬುರುಡೆ ಬಲ್ಬು ತನ್ನ ಶಾಖದ ಹೆಚ್ಚಿನ ಪಾಲನ್ನು ಅವಗೆಂಪು ಕಿರಣಗಳಾಗಿ ಹೊರಚೆಲ್ಲುತ್ತದೆ, ಅದರೊಳಗೆ ಕೆಡುವಂಥ ಸರ್ಕೀಟೂ ಇಲ್ಲ. ಎಲ್‌ಇಡಿಯ ಬಿಸಿ ಹಿಂದಕ್ಕೆ, ಡ್ರೈವರ್ ಕೂತಿರುವ ಬುಡದ ಕಡೆಗೇ ಇಳಿಯುತ್ತದೆ. ಅಲ್ಲಿ ವಿದ್ಯುತ್ತನ್ನು ತುಸು ಹೊತ್ತು ಕೂಡಿಡುವ, ಒಳಗೆ ದ್ರವವಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇರುತ್ತದೆ, ಅದು ಬಿಸಿಗೆ ನಿಧಾನವಾಗಿ ಒಣಗುತ್ತದೆ. ತಾಪ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಕಸುಬಿನವರ ಅಂದಾಜು. ಗಾಳಿಯಾಡದ ಗೋಳದೊಳಗೆ, ಅದರಲ್ಲೂ ತಲೆಕೆಳಗಾಗಿ ತೂಗುವ ಹೋಲ್ಡರ್‌ನಲ್ಲಿ, ಬಲ್ಬು ಬೇಗ ಸಾಯುವುದು ಇದರಿಂದಲೇ. ಅಂಥ ಕಡೆ ಮುಚ್ಚಿದ ಫಿಟ್ಟಿಂಗ್‌ಗೆ ಸೂಕ್ತವೆಂದು ಡಬ್ಬಿಯ ಮೇಲೆ ಬರೆದಿರುವುದನ್ನೇ ಹಾಕಿ, ಇಲ್ಲವೇ 5–7 ವ್ಯಾಟಿನಲ್ಲೇ ಸುಧಾರಿಸಿ. ಅಡುಗೆಯ ಓವನ್ ಒಳಗಿನ ಬಲ್ಬನ್ನಂತೂ ಎಲ್‌ಇಡಿಗೆ ಬದಲಿಸಲೇಬೇಡಿ.

ಹೋಲ್ಡರ್‌ನೊಳಗಿನ ಪಿನ್ನುಗಳ ಸ್ಪ್ರಿಂಗ್ ಸೋತಿದ್ದರೆ ಸಂಪರ್ಕ ಬಿಟ್ಟುಬಿಟ್ಟು ಬಂದು ಕಿಡಿ ಹಾರುತ್ತದೆ. ಬುರುಡೆ ಬಲ್ಬು ಅದನ್ನು ಸಹಿಸಿಕೊಂಡಿರಬಹುದು, ಡ್ರೈವರ್ ಸಹಿಸುವುದಿಲ್ಲ. ಪಿನ್ನಿನ ತುದಿ ಕಪ್ಪಾಗಿದ್ದರೆ ಹೋಲ್ಡರನ್ನೇ ಬದಲಿಸಿ. ಒಂದೇ ಹೋಲ್ಡರ್‌ನಲ್ಲಿ ಎರಡು ಬಲ್ಬು ಬೆನ್ನುಬೆನ್ನಿಗೆ ಹೋದರೆ ಮೂರನೆಯದನ್ನು ಕೊಳ್ಳುವ ಮೊದಲು ಹೋಲ್ಡರನ್ನು ಬಿಚ್ಚಿ ನೋಡುವುದು ಒಳ್ಳೆಯದು.

ಸ್ವಿಚ್ ಆರಿಸಿದ ಮೇಲೂ ಮಂಕಾಗಿ ಉರಿಯುವುದಕ್ಕೆ, ಆಗಾಗ ಒಮ್ಮೆ ಮಿಂಚಿ ಆರುವುದಕ್ಕೆ ಬಲ್ಬನ್ನು ದೂರಿ ಪ್ರಯೋಜನವಿಲ್ಲ. ಎಲ್ಲಿಂದಲೋ ಸೋರಿದ ಅತಿ ಸಣ್ಣ ಕರೆಂಟ್ ಡ್ರೈವರ್‌ನ ಕೆಪಾಸಿಟರ್ ತುಂಬುತ್ತದೆ; ತುಂಬಿದಾಗ ಬಲ್ಬು ಒಮ್ಮೆ ಮಿಂಚುತ್ತದೆ. ಬುರುಡೆ ಬಲ್ಬಿದ್ದಾಗಲೂ ಈ ಸೋರಿಕೆ ಇತ್ತು, ತಂತಿ ಕಾಯುವಷ್ಟು ಇರಲಿಲ್ಲ ಅಷ್ಟೆ. ಸ್ವಿಚ್ಚಿನಲ್ಲಿ ಇಂಡಿಕೇಟರ್ ದೀಪವಿದ್ದರೆ ಮೊದಲ ಅನುಮಾನ ಅದರ ಮೇಲೆ. ಅದಿಲ್ಲದಿದ್ದರೆ ಸ್ವಿಚ್ ಆರಿಸಿ, ಬಲ್ಬು ತೆಗೆದು, ಹೋಲ್ಡರ್‌ನ ಎರಡೂ ಪಿನ್ನಿಗೆ ಟೆಸ್ಟರ್ ಹಿಡಿಯಿರಿ. ಒಂದರಲ್ಲಿ ಟೆಸ್ಟರ್ ಚೆನ್ನಾಗಿ ಉರಿದರೆ ಸ್ವಿಚ್ಚನ್ನು ಫೇಸ್ ತಂತಿಯ ಬದಲು ನ್ಯೂಟ್ರಲ್‌ನಲ್ಲಿ ಕೂರಿಸಿದ್ದಾರೆ ಎಂದರ್ಥ. ಇದು ಬರೀ ಮಿಣುಕಿನ ಸಮಸ್ಯೆಯಲ್ಲ, ಸ್ವಿಚ್ ಆರಿದ್ದರೂ ಹೋಲ್ಡರ್‌ನಲ್ಲಿ ವಿದ್ಯುತ್ ಇರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ತಕ್ಷಣ ಸರಿಪಡಿಸಿ. ಎರಡೂ ಸರಿಯಿದ್ದರೆ ಒಂದೇ ಪೈಪಿನಲ್ಲಿ ಉದ್ದಕ್ಕೆ ಜೊತೆಯಾಗಿ ಸಾಗುವ ತಂತಿಗಳ ನಡುವಿನ ಕೆಪಾಸಿಟೆನ್ಸ್ (ತಾಗದಿದ್ದರೂ ಒಂದರಿಂದ ಇನ್ನೊಂದಕ್ಕೆ ತುಸು ಕರೆಂಟ್ ದಾಟಿಸುವ ಗುಣ) ಕಾರಣವಿರಬಹುದು. ಬಲ್ಬಿಗೆ ಸಮಾನಾಂತರವಾಗಿ 275 ವೋಲ್ಟ್ ಎಸಿಯ, ಎಕ್ಸ್2 ದರ್ಜೆಯ (ಮನೆಯ ವಿದ್ಯುತ್ತಿಗೆ ನೇರ ಜೋಡಿಸಲೆಂದೇ ಮಾಡಿದ) 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಮಾಮೂಲಿ ಕೆಪಾಸಿಟರ್ ಇಲ್ಲಿ ಸಲ್ಲದು.

ಬೆಳಕನ್ನು ಹೆಚ್ಚುಕಡಿಮೆ ಮಾಡುವ ಡಿಮ್ಮರ್ ಇರುವ ಕಡೆ ಡಿಮ್ ಮಾಡಬಹುದಾದ ಎಲ್‌ಇಡಿಯೇ ಬೇಕು. ಹಾಕಿದರೂ ಕೆಲವೊಮ್ಮೆ ಗುಂಯ್‌ಗುಡುತ್ತದೆ, ಏಕೆಂದರೆ ನೂರಾರು ವ್ಯಾಟಿಗೆಂದು ಮಾಡಿದ ಹಳೆಯ ಡಿಮ್ಮರ್‌ಗೆ 9 ವ್ಯಾಟಿನ ಲೋಡ್ ತೀರಾ ಕಡಿಮೆ. 12 ವೋಲ್ಟಿನ ಹ್ಯಾಲೊಜೆನ್ ದೀಪಗಳ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್‌ಗೂ ಇದೇ ತೊಡಕು. ದೀಪದ ಜೊತೆ ಅದನ್ನೂ ಎಲ್‌ಇಡಿ ಡ್ರೈವರ್‌ಗೆ ಬದಲಿಸಬೇಕು.

ಬಣ್ಣದ ವಿಷಯದಲ್ಲಿ ಮಲಗುವ ಕೋಣೆಗೆ 2700 ಕೆಲ್ವಿನ್‌ನ ಹಳದಿ ಬೆಳಕು, ಅಡುಗೆಮನೆಗೆ, ಓದುವ ಮೇಜಿಗೆ 4000 ಸರಿಹೋಗುತ್ತದೆ. 6500ರ ನೀಲಿಬಿಳಿ ಹೆಚ್ಚು ಪ್ರಕಾಶಮಾನ ಎನ್ನಿಸಿದರೂ ರಾತ್ರಿಯ ಕೋಣೆಗೆ ಒಪ್ಪುವುದಿಲ್ಲ. ಸಿಆರ್‌ಐ (ವಸ್ತುಗಳ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬುದರ ಅಳತೆ, ಗರಿಷ್ಠ 100) 80ಕ್ಕಿಂತ ಕಡಿಮೆ ಬೇಡ, ಕನ್ನಡಿಯ ಮುಂದೆ 90 ಇರಲಿ.

ಹೆಚ್ಚು ಎಚ್ಚರ ಬೇಕಾದದ್ದು ಟ್ಯೂಬ್‌ಲೈಟಿಗೆ. 4 ಅಡಿಯ, 36 ವ್ಯಾಟಿನ ಟ್ಯೂಬಿನ ಜಾಗಕ್ಕೆ 18–20 ವ್ಯಾಟಿನ ಎಲ್‌ಇಡಿ ಟ್ಯೂಬ್ ಬರುತ್ತದೆ. ಚೋಕ್ ಸಮೇತ ನಡೆಯುವಂಥದ್ದಾದರೆ ಸ್ಟಾರ್ಟರ್ ತೆಗೆದು, ಟ್ಯೂಬಿನ ಜೊತೆ ಬಂದ ಎಲ್‌ಇಡಿ ಸ್ಟಾರ್ಟರ್ ಹಾಕಿದರಾಯಿತು. ಇದು ಹಳೆಯ ತಾಮ್ರದ ಚೋಕಿಗೆ ಮಾತ್ರ. ಚೋಕ್ ಇಲ್ಲದೆ ಮನೆಯ ವಿದ್ಯುತ್ತಿಗೇ ನೇರ ಜೋಡಿಸುವಂಥದ್ದಾದರೆ ಎಂಸಿಬಿ (ಬೋರ್ಡಿನಲ್ಲಿ ವಿದ್ಯುತ್ ಕಡಿಯುವ ಸ್ವಿಚ್) ಇಳಿಸಿ, ಟೆಸ್ಟರ್ ಹಿಡಿದು ಖಚಿತಪಡಿಸಿಕೊಂಡು, ಚೋಕನ್ನೂ ಸ್ಟಾರ್ಟರನ್ನೂ ಸರ್ಕೀಟಿನಿಂದ ಪೂರ್ತಿ ಹೊರಗಿಡಬೇಕು. ನಂತರ ಟ್ಯೂಬಿನ ಮೇಲಿನ ಚಿತ್ರ ನೋಡಿ. ಕೆಲವಕ್ಕೆ ಫೇಸ್ ಒಂದು ತುದಿಗೆ, ನ್ಯೂಟ್ರಲ್ ಇನ್ನೊಂದು ತುದಿಗೆ ಹೋಗಬೇಕು. ಕೆಲವಕ್ಕೆ ಎರಡೂ ಒಂದೇ ತುದಿಯ ಎರಡು ಪಿನ್ನಿಗೆ. ಎರಡನೆಯ ಬಗೆಗೆ ಆ ತುದಿಯ ಹೋಲ್ಡರ್‌ನಲ್ಲಿ ಎರಡು ಪಿನ್ನಿನ ಜಾಗ ಒಳಗೇ ಜೋಡಿಕೊಂಡಿರಬಾರದು. ಜೋಡಿಕೊಂಡಿದ್ದರೆ ಸ್ವಿಚ್ ಹಾಕಿದೊಡನೆ ಶಾರ್ಟ್ ಆಗುತ್ತದೆ. ಎರಡು ತುದಿಯದಾದರೆ ವಿದ್ಯುತ್ ಇರುವಾಗ ಟ್ಯೂಬ್ ಸಿಕ್ಕಿಸಬೇಡಿ. ಒಂದು ತುದಿ ಕೂತೊಡನೆ ಹೊರಗಿರುವ ಪಿನ್ ಶಾಕ್ ಹೊಡೆಯಬಹುದು. ಕೆಲಸ ಮುಗಿದ ಮೇಲೆ ಟ್ಯೂಬ್ ಕೂರುವ ಪಟ್ಟಿಯ ಮೇಲೆ “ಚೋಕ್ ಇಲ್ಲ, ಎಲ್‌ಇಡಿ ಮಾತ್ರ” ಎಂದು ಚೀಟಿ ಅಂಟಿಸಿ. ಮುಂದೆ ಆ ಟ್ಯೂಬ್ ಬದಲಿಸಲು ಬರುವವರಿಗೆ ಒಳಗಿನ ವೈರಿಂಗ್ ಬದಲಾಗಿದೆ ಎಂದು ಗೊತ್ತಾಗಲು ಬೇರೆ ದಾರಿಯಿಲ್ಲ.