ಪದ ಪರಿಚಯ: ಗಾಯಕ್ಕೆ ಹಚ್ಚುವ ಸಸ್ಯಸಾರ

ಗಿಡದ ಎಲೆ, ಬೇರು ಅಥವಾ ತೊಗಟೆಯನ್ನು ಒಣಗಿಸಿ ಪುಡಿಮಾಡಿ, ನೀರು, ಆಲ್ಕೋಹಾಲ್‌ನಂತಹ ದ್ರಾವಕದಲ್ಲಿ ನೆನೆಸಿ, ಅದರಲ್ಲಿ ಕರಗಿ ಬಂದ ಅಂಶಗಳನ್ನು ಸೋಸಿ ಗಟ್ಟಿಮಾಡಿದಾಗ ದೊರೆಯುವುದು ಸಸ್ಯಸಾರ. ಅದರ ಗುಣವನ್ನು ಗಿಡದಷ್ಟೇ ದ್ರಾವಕವೂ ನಿರ್ಧರಿಸುತ್ತದೆ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕುರ್ಕ್ಯುಮಿನ್ ಆಲ್ಕೋಹಾಲ್‌ನಲ್ಲಿ ಕರಗುತ್ತದೆ, ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಹಾಗಾಗಿ ಒಂದೇ ಕೊಂಬಿನಿಂದ ತೆಗೆದ ಎರಡು ಸಾರಗಳು ಎರಡು ಬೇರೆ ವಸ್ತುಗಳೇ ಸರಿ.

ರಕ್ತ ಹೆಪ್ಪುಗಟ್ಟಿ, ಉರಿಯೂತ ಕಾಣಿಸಿಕೊಂಡು, ಹೊಸ ಅಂಗಾಂಶ ತುಂಬಿ, ಕೊನೆಗೆ ಅದು ಬಲಗೊಳ್ಳುವ ಹಂತಗಳಲ್ಲಿ ಗಾಯ ಮಾಯುತ್ತದೆ. ಬೆಂಗಳೂರಿನ ಮಲ್ಲೇಶ್ವರದ ಮಾರುಕಟ್ಟೆಯಲ್ಲಿ ತಂಬುಳಿಗೆಂದು ಕೊಳ್ಳುವ ಒಂದೆಲಗದ ಕೆಲಸ ಮುಖ್ಯವಾಗಿ ಮೂರನೆಯ ಹಂತದಲ್ಲಿ: ಅದರಲ್ಲಿರುವ ಏಷಿಯಾಟಿಕೋಸೈಡ್ ಎಂಬ ಅಂಶ, ಚರ್ಮದ ಕೋಶಗಳು ಅಂಗಾಂಶಕ್ಕೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುವಂತೆ ಪ್ರಚೋದಿಸುತ್ತದೆಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ.

ಆದರೆ ಇಂತಹ ಅಧ್ಯಯನಗಳಲ್ಲಿ ಬಹುಪಾಲು ಇಲಿಗಳ ಮೇಲೆ ನಡೆದವು. ಇಲಿಯ ಸಡಿಲ ಚರ್ಮದ ಅಡಿಯಲ್ಲಿ ತೆಳುವಾದ ಸ್ನಾಯುಪದರವೊಂದಿದ್ದು, ಗಾಯದ ಅಂಚುಗಳನ್ನು ಅದು ಎಳೆದು ಹತ್ತಿರ ತರುವುದರಿಂದ ಗಾಯ ಬಹುಮಟ್ಟಿಗೆ ಸಂಕುಚಿತಗೊಂಡೇ ಮುಚ್ಚಿಕೊಳ್ಳುತ್ತದೆ. ಮನುಷ್ಯರಲ್ಲಿ ಹೊಸ ಅಂಗಾಂಶ ತುಂಬಿ, ಮೇಲ್ಪದರ ಹರಡಬೇಕು. ಆದ್ದರಿಂದ ಇಲಿಯ ಗಾಯ ಬೇಗ ಮುಚ್ಚಿತೆಂಬ ಒಂದೇ ಕಾರಣಕ್ಕೆ ಮುಲಾಮಿನ ಡಬ್ಬಿಯ ಮೇಲೆ ಭರವಸೆ ಮುದ್ರಿಸುವುದು ಅವಸರದ ಕೆಲಸ.

ಮನುಷ್ಯರ ಮೇಲಿನ ಪರೀಕ್ಷೆಯನ್ನು ದಾಟಿ ಬಂದ ಉದಾಹರಣೆ ಇಲ್ಲದಿಲ್ಲ. ಬರ್ಚ್ ಮರದ ತೊಗಟೆಯ ಸಾರವನ್ನು ಸೂರ್ಯಕಾಂತಿ ಎಣ್ಣೆಯಲ್ಲಿ 10% ಪ್ರಮಾಣದಲ್ಲಿ ಬೆರೆಸಿದ ಜೆಲ್‌ಗೆ, ಸಣ್ಣ ಉಜ್ಜುವಿಕೆಗೂ ಚರ್ಮ ಕಿತ್ತುಬರುವ ಎಪಿಡರ್ಮೊಲಿಸಿಸ್ ಬುಲೋಸಾ ರೋಗಿಗಳ ಗಾಯಗಳಿಗಾಗಿ, ಯುರೋಪ್ ಒಕ್ಕೂಟ 2022ರಲ್ಲಿಯೂ ಅಮೆರಿಕ 2023ರಲ್ಲಿಯೂ ಅನುಮತಿ ನೀಡಿದವು. ಪ್ರತಿ ಟ್ಯೂಬಿನಲ್ಲಿಯೂ ಸಕ್ರಿಯ ಅಂಶ ಒಂದೇ ಪ್ರಮಾಣದಲ್ಲಿರುವಂತೆ ನೋಡಿಕೊಳ್ಳುವ ಈ ಪ್ರಮಾಣೀಕರಣವೇ, ನನ್ನ ದೃಷ್ಟಿಯಲ್ಲಿ, ಸಾರವನ್ನು ಔಷಧಿಯನ್ನಾಗಿಸುವುದು.

ಮನೆಮದ್ದಿನ ಪುಡಿಯನ್ನೂ ಸಾರವನ್ನೂ ಒಂದೆಂದು ಭಾವಿಸಬಾರದು. 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದು, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಪ್ರಶ್ನಿಸಿದ ಮೇಲೆ 1997ರಲ್ಲಿ ರದ್ದಾದದ್ದು ಗಾಯಕ್ಕೆ ಅರಿಶಿನದ ಪುಡಿಯನ್ನು ಬಳಸುವ ವಿಧಾನ. ನಮ್ಮ ಅಜ್ಜಿಯರಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಆಸುಪಾಸಿನ ಗ್ರಂಥಿಗೆ ಅಂಗಡಿಗಳಲ್ಲಿ ಕಾಗದದ ಪೊಟ್ಟಣ ಕಟ್ಟಿ ಕೊಡುವುದೂ ಬಹುತೇಕ ಪುಡಿ, ಬೇರು, ತೊಗಟೆಗಳನ್ನೇ. ಅಲ್ಲಿ ಸಕ್ರಿಯ ಅಂಶದ ಪ್ರಮಾಣ ಪೊಟ್ಟಣದಿಂದ ಪೊಟ್ಟಣಕ್ಕೆ ಬದಲಾಗಬಹುದು. ಮಣ್ಣಿನ ಸಂಪರ್ಕವಿದ್ದ ಎಲೆ ಅಥವಾ ಬೇರನ್ನು ಹಸಿಯಾಗಿ ಅರೆದು ತೆರೆದ ಗಾಯಕ್ಕೆ ಮೆತ್ತಿದರೆ ಧನುರ್ವಾಯು ತರುವ ರೋಗಾಣುವೂ ಒಳಸೇರುವ ಅಪಾಯವಿದೆ.